ಪರಂಪರೆ ಪ್ರವಾಸೋದ್ಯಮದಿಂದ ಊರಿಗೆ ಉಳಿಯುವುದೆಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಟೆ, ದೇಗುಲ, ಹಳೆಯ ಪೇಟೆ ಬೀದಿ ಇರುವ ಊರುಗಳಲ್ಲಿ ಪ್ರವಾಸೋದ್ಯಮದ ಮಾತು ಎದ್ದಾಗಲೆಲ್ಲ ಮೊದಲು ಹೊರಬರುವುದು 'ಈ ವರ್ಷ ಇಷ್ಟು ಲಕ್ಷ ಜನ ಬಂದರು' ಎನ್ನುವ ಲೆಕ್ಕ. ಬಂದವರು ಬಿಟ್ಟುಹೋದ ದುಡ್ಡಿನಲ್ಲಿ ಊರಲ್ಲೇ ಉಳಿದದ್ದೆಷ್ಟು ಎಂದು ಕೇಳುವವರು ಕಡಿಮೆ. ಕೆಳಗಿನ ಉತ್ತರಗಳು ಎಲ್ಲೆಲ್ಲಿ ಸುತ್ತಿದರೂ ಆ ಪ್ರಶ್ನೆಯ ಹತ್ತಿರಕ್ಕೇ ಮರಳುತ್ತವೆ.

ಪರಂಪರೆ ಪ್ರವಾಸೋದ್ಯಮ ಎಂದರೆ ಸ್ಮಾರಕ ನೋಡುವುದಷ್ಟೇ ತಾನೇ?

ಅಲ್ಲ. ಸ್ಮಾರಕ, ವಸ್ತುಸಂಗ್ರಹಾಲಯ, ಹಳೆಯ ಬಡಾವಣೆಗಳ ಜೊತೆಗೆ ಜಾತ್ರೆ, ಸಂಗೀತ, ಕುಶಲಕರ್ಮ, ಅಡುಗೆ ಎಲ್ಲವೂ ಸೇರುತ್ತವೆ. ಯುನೆಸ್ಕೊ ಸಹ 1972ರಲ್ಲಿ ಕಟ್ಟಡ ಮತ್ತು ನಿಸರ್ಗಕ್ಕೊಂದು ಒಪ್ಪಂದ ಮಾಡಿ, 2003ರಲ್ಲಿ ಕಲೆ, ಕಸುಬು, ಆಚರಣೆಯಂಥ ಮುಟ್ಟಿ ನೋಡಲಾಗದ ಪರಂಪರೆಗೆಂದೇ ಇನ್ನೊಂದನ್ನು ಮಾಡಿತು. ಆದಾಯದ ದೃಷ್ಟಿಯಿಂದ ಈ ಎರಡನೆಯದು ಹೆಚ್ಚು ಮುಖ್ಯ ಎಂದು ನನಗನಿಸುತ್ತದೆ. ಕಲ್ಲನ್ನು ನೋಡಲು ಒಂದು ಗಂಟೆ ಸಾಕು. ನೇಯುವುದನ್ನೋ ಎರಕ ಹೊಯ್ಯುವುದನ್ನೋ ನೋಡಬೇಕೆಂದರೆ ಕೂರಬೇಕು, ಕೂತವರು ಉಣ್ಣುತ್ತಾರೆ, ಉಂಡವರು ರಾತ್ರಿ ತಂಗುವ ಯೋಚನೆ ಮಾಡುತ್ತಾರೆ.

ಪ್ರವಾಸಿ ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ?

ಮೂರು ಸುತ್ತಿನಲ್ಲಿ ಓಡುತ್ತದೆ. ಹೋಟೆಲು, ಊಟ, ಗೈಡು, ಟಿಕೆಟ್‌ಗೆ ಕೊಟ್ಟದ್ದು ಮೊದಲ ಸುತ್ತು. ಹೋಟೆಲಿನವರು ತರಕಾರಿಯವರಿಗೆ, ಬಟ್ಟೆ ಒಗೆಯುವವರಿಗೆ, ಪ್ಲಂಬರ್‌ಗೆ ಕೊಡುವುದು ಎರಡನೆಯದು. ಇವರೆಲ್ಲ ತಮ್ಮ ಸಂಪಾದನೆಯಲ್ಲಿ ಮಕ್ಕಳ ಶುಲ್ಕ ಕಟ್ಟಿ, ಚಪ್ಪಲಿ ಕೊಂಡು, ಕ್ಷೌರಕ್ಕೆ ಹೋಗುತ್ತಾರಲ್ಲ, ಅದು ಮೂರನೆಯದು. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಹಣ ಊರಿನಿಂದಾಚೆ ಜಾರುತ್ತದೆ. ಇದಕ್ಕೆ ಸೋರಿಕೆ ಎನ್ನುತ್ತಾರೆ.

ಒಂದು ಸಣ್ಣ ಲೆಕ್ಕ ಹಾಕೋಣ. ಪ್ರವಾಸಿಯೊಬ್ಬರು 100 ಖರ್ಚು ಮಾಡಿದರು ಎಂದಿಟ್ಟುಕೊಳ್ಳಿ, ಯಾವ ನಾಣ್ಯವಾದರೂ ಸರಿ. ಬುಕಿಂಗ್ ಆ್ಯಪ್‌ನ ಕಮಿಷನ್, ಹೊರಗಿನ ಬಸ್ ಕಂಪನಿ, ದೂರದಿಂದ ತರಿಸಿದ ಸಾಮಾನು ಎಂದು 60 ಹೊರಗೆ ಹೋಗಿ 40 ಊರಲ್ಲಿ ಉಳಿಯಿತು. ಆ 40ರಲ್ಲಿ ಮತ್ತೆ ಅದೇ ಪ್ರಮಾಣ ಉಳಿದರೆ 16, ಅದರಲ್ಲಿ ಆರು ಚಿಲ್ಲರೆ. ಎಲ್ಲ ಸುತ್ತು ಮುಗಿದ ಮೇಲೆ ಊರಿಗೆ ದಕ್ಕಿದ್ದು ಸುಮಾರು 67. ಈಗ ಸೋರಿಕೆಯನ್ನು ತಿರುಗಿಸಿ, 60 ಉಳಿದು 40 ಹೋಗುವಂತೆ ಮಾಡಿ. ಒಟ್ಟು 150 ಆಗುತ್ತದೆ. ಪ್ರವಾಸಿ ಅದೇ, ಅವರು ಬಿಚ್ಚಿದ ಪರ್ಸೂ ಅದೇ. ಸೋರಿಕೆ ತಡೆಯದೆ ಇದೇ ಫಲ ಬೇಕೆಂದರೆ ಎರಡೂಕಾಲು ಪಟ್ಟು ಜನರನ್ನು ಕರೆತರಬೇಕು. ಅಷ್ಟೂ ಜನಕ್ಕೆ ನೀರು, ಶೌಚಾಲಯ, ಪಾರ್ಕಿಂಗ್, ಕಸದ ಗಾಡಿಯ ಏರ್ಪಾಡು ಊರಿನ ತಲೆಯ ಮೇಲೆ.

ಲೆಕ್ಕ ಇಷ್ಟು ಸರಳವಾಗಿದ್ದರೂ ಪ್ರಚಾರಕ್ಕೆ ಸುರಿಯುವ ದುಡ್ಡಿನ ಒಂದಂಶವನ್ನಾದರೂ 'ಹೋಟೆಲಿಗೆ ಮೊಟ್ಟೆ ಎಲ್ಲಿಂದ ಬರುತ್ತದೆ' ಎಂದು ಹುಡುಕಲು ಇಡುವ ಆಡಳಿತಗಳು ಕಡಿಮೆ.

ಯೋಜನಾ ವರದಿಗಳು 'ಹೂಡಿದ ಒಂದಕ್ಕೆ ನಾಲ್ಕು ಬರುತ್ತದೆ' ಎನ್ನುತ್ತವೆ. ನಂಬಬಹುದೇ?

ಮೊದಲು ಆ ನಾಲ್ಕನ್ನು ಹೇಗೆ ಎಣಿಸಿದ್ದಾರೆ ನೋಡಿ. ಹಾಕಿದ ಹಣ ಎಷ್ಟು ಪಟ್ಟಾಯಿತು ಎನ್ನುವ ಈ ಗುಣಕವನ್ನು ಉಬ್ಬಿಸುವ ದಾರಿಗಳು ಕೆಲವು ಇವೆ, ಎಲ್ಲವೂ ಸಲೀಸು. ಇಡೀ ದೇಶದ ಗುಣಕವನ್ನು ತಂದು ಸಣ್ಣ ಊರಿಗೆ ಅಂಟಿಸುವುದು ಒಂದು. ದೇಶದೊಳಗೆ ಉಳಿಯುವ ಹಣವೆಲ್ಲ ಊರಿನೊಳಗೂ ಉಳಿಯುವುದಿಲ್ಲವಾದ್ದರಿಂದ ಊರು ಸಣ್ಣದಾದಷ್ಟೂ ಗುಣಕ ತಗ್ಗಬೇಕು. ವಹಿವಾಟನ್ನೇ ಆದಾಯ ಎಂದು ಬರೆಯುವುದು ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವುದು, ಹೇಗಿದ್ದರೂ ಬರುತ್ತಿದ್ದವರನ್ನೂ ಹೊಸ ಯೋಜನೆಯ ಖಾತೆಗೆ ಹಾಕಿಕೊಳ್ಳುವುದು. ಊರಿನವರೇ ಸಿನಿಮಾಕ್ಕೆ ಹೋಗುವ ಬದಲು ಉತ್ಸವಕ್ಕೆ ಬಂದು ಖರ್ಚು ಮಾಡಿದರೆ ಎಡ ಜೇಬಿನ ಹಣ ಬಲ ಜೇಬಿಗೆ ಬಂದಂತೆ, ಅಷ್ಟೇ.

ಎಚ್ಚರದಿಂದ ಮಾಡಿದ ಲೆಕ್ಕವೂ ಉಂಟು. ಇಂಗ್ಲೆಂಡಿನ ಲಿವರ್‌ಪೂಲ್ 2008ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿತ್ತು, ಯುರೋಪಿಯನ್ ಒಕ್ಕೂಟ ಒಂದು ವರ್ಷದ ಮಟ್ಟಿಗೆ ಕೊಡುವ ಬಿರುದು ಅದು. ಅಲ್ಲಿನ ಎರಡು ವಿಶ್ವವಿದ್ಯಾಲಯಗಳು ಸೇರಿ ನಡೆಸಿದ ಅಧ್ಯಯನದ ಪ್ರಕಾರ ಆ ವರ್ಷ ಒಟ್ಟು 2.77 ಕೋಟಿ ಭೇಟಿಗಳು ನಡೆದವು. ಆದರೆ ಸಾಂಸ್ಕೃತಿಕ ರಾಜಧಾನಿಯ ದೆಸೆಯಿಂದ ಹೆಚ್ಚುವರಿಯಾಗಿ ಬಂದದ್ದು ಎಂದು ಅವರು ಒಪ್ಪಿದ್ದು 97 ಲಕ್ಷವನ್ನು ಮಾತ್ರ. ಅದರ ಆರ್ಥಿಕ ಪರಿಣಾಮ 75 ಕೋಟಿ ಪೌಂಡ್‌ನಷ್ಟು. ಒಟ್ಟು ಭೇಟಿಗಳ ಮೂರನೇ ಎರಡರಷ್ಟನ್ನು 'ಇದು ನಮ್ಮದಲ್ಲ' ಎಂದು ಪಕ್ಕಕ್ಕಿಟ್ಟರು ನೋಡಿ, ಒಂದು ವರದಿಯನ್ನು ನಂಬಲು ನಾನು ಹುಡುಕುವುದು ಅಂಥ ಸಾಲನ್ನು. ಅದಿಲ್ಲದ ವರದಿಯದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ.

ಬಂದವರ ಸಂಖ್ಯೆಗಿಂತ ತಂಗಿದ ರಾತ್ರಿಗಳು ಮುಖ್ಯ ಎನ್ನುತ್ತಾರಲ್ಲ, ಏಕೆ?

ದಿನದ ಪ್ರವಾಸಿ ಮತ್ತು ರಾತ್ರಿ ತಂಗುವ ಪ್ರವಾಸಿ ಎರಡು ಬೇರೆ ಜಾತಿಯ ಗಿರಾಕಿಗಳು. ಬಸ್ಸು ಬಂದು ನಿಲ್ಲುತ್ತದೆ. ನಲವತ್ತು ಜನ ಇಳಿದು, ಕೋಲಿಗೆ ಕಟ್ಟಿದ ಬಾವುಟ ಎತ್ತಿ ಹಿಡಿದವರ ಹಿಂದೆ ಸಾಲಾಗಿ ನಡೆಯುತ್ತಾರೆ. ಮೊದಲು ಶೌಚಾಲಯ, ಆಮೇಲೆ ಮುಖ್ಯ ದ್ವಾರದ ಮುಂದೆ ಫೋಟೊ. ಡ್ರೈವರ್‌ಗೆ ಕಮಿಷನ್ ಕೊಡುವ ಒಂದೇ ಅಂಗಡಿಯಲ್ಲಿ ಹತ್ತು ನಿಮಿಷ, ಒಂದು ಫ್ರಿಜ್ ಮ್ಯಾಗ್ನೆಟ್, ಅದೂ ಬೇರೆಲ್ಲೋ ತಯಾರಾದದ್ದು. ಬಸ್ಸು ಹೊರಟಿತು. ಸಂಜೆ ತಂಗಿದವರಾದರೆ ರಾತ್ರಿ ಉಣ್ಣುತ್ತಾರೆ, ಬೆಳಗ್ಗೆ ಕಾಫಿಗೆ ಕೂರುತ್ತಾರೆ, ದಾರಿ ತಪ್ಪಿ ಹಿಂದಿನ ಬೀದಿಗೂ ಹೋಗುತ್ತಾರೆ. ದಾರಿ ತಪ್ಪುವ ಪ್ರವಾಸಿಯೇ ಹಿಂದಿನ ಬೀದಿಯ ಅಂಗಡಿಗಳಿಗೆ ಅನ್ನ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ಕ್ರೂಸ್ ಹಡಗಿನವರ ಮಟ್ಟಿಗೆ ಈ ಗಾದೆ ನಡೆಯುವುದಿಲ್ಲ, ಅವರು ನೀರಿನ ಬಾಟಲಿಯನ್ನೂ ಹಡಗಿನಿಂದಲೇ ತಂದಿರುತ್ತಾರೆ. ಮೂರು ಹೊತ್ತಿನ ಊಟಕ್ಕೂ ಮೊದಲೇ ಹಣ ಕಟ್ಟಾಗಿರುತ್ತದೆ. ಕ್ರೊಯೇಷಿಯಾದ ದುಬ್ರೊವ್‌ನಿಕ್ ಒಮ್ಮೆಗೆ ಎರಡೇ ಹಡಗು, ನಾಲ್ಕು ಸಾವಿರ ಪ್ರಯಾಣಿಕರು ಎಂದು ಮಿತಿ ಹಾಕಿಕೊಂಡದ್ದಕ್ಕೆ ಇದೂ ಕಾರಣ. ವೆನಿಸ್‌ನ ನಡುಗಾಲುವೆಗೆ 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಬರುವಂತಿಲ್ಲ.

ದರಪಟ್ಟಿಯಲ್ಲೇ ಈ ವ್ಯತ್ಯಾಸ ಮಾಡಿದವರನ್ನು ನೋಡಿ ಕಲಿಯುವುದಿದೆ. ಜೋರ್ಡಾನ್‌ನಲ್ಲಿ ಒಂದು ರಾತ್ರಿಯಾದರೂ ತಂಗುವ ವಿದೇಶಿಯರಿಗೆ ಬಂಡೆಯಲ್ಲಿ ಕೊರೆದ ಹಳೆಯ ನಗರ ಪೆಟ್ರಾದ ಒಂದು ದಿನದ ಟಿಕೆಟ್ 50 ದಿನಾರ್. ಗಡಿ ದಾಟಿ ಬಂದು ಅದೇ ದಿನ ಮರಳುವವರಿಗೆ 90. ಕಾಂಬೋಡಿಯಾದ ದೇಗುಲ ಸಮೂಹ ಅಂಗ್ಕೋರ್ 2017ರಲ್ಲಿ ದರ ಏರಿಸಿದಾಗ ಒಂದು ದಿನದ್ದು 20 ಡಾಲರಿಂದ 37ಕ್ಕೆ ಹಾರಿತು, ಒಂದು ವಾರದ್ದು 60ರಿಂದ 72ಕ್ಕಷ್ಟೇ ಸರಿಯಿತು. ನಿಲ್ಲಿ, ಅವಸರ ಮಾಡಬೇಡಿ ಎಂದು ದರಪಟ್ಟಿಯೇ ಹೇಳಿದಂತೆ. ವೆನಿಸ್ 2024ರ ಏಪ್ರಿಲ್ 25ರಿಂದ ಆಯ್ದ ದಿನಗಳಲ್ಲಿ ಪಡೆಯುತ್ತಿರುವ 5 ಯೂರೊ ಪ್ರವೇಶ ಶುಲ್ಕವೂ ಬಂದು ಹೋಗುವವರಿಗೆ ಮಾತ್ರ. ಮರುವರ್ಷ ತಡವಾಗಿ ಬುಕ್ ಮಾಡಿದವರಿಗೆ ಅದು 10 ಯೂರೊ ಆಯಿತು. ಊರೊಳಗೆ ತಂಗಿದವರು ಹೇಗೂ ತಂಗುವ ತೆರಿಗೆ ಕಟ್ಟುವುದರಿಂದ ಅವರಿಗಿದು ಇಲ್ಲ.

ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದರೆ ದುಡ್ಡು ತಾನಾಗಿ ಬರುತ್ತದೆಯೇ?

ಹೆಸರು ಬರುತ್ತದೆ. ದುಡ್ಡು ನೀವೇ ಹುಡುಕಬೇಕು. 1978ರಲ್ಲಿ ಹನ್ನೆರಡು ತಾಣಗಳಿಂದ ಶುರುವಾದ ಪಟ್ಟಿ ಈಗ 1,200 ದಾಟಿದೆ. ಇಷ್ಟಕ್ಕೂ ಸೇರಿ ಯುನೆಸ್ಕೊದ ಪರಂಪರೆ ನಿಧಿಯಲ್ಲಿರುವುದು ವರ್ಷಕ್ಕೆ ಕೆಲವೇ ಮಿಲಿಯನ್ ಡಾಲರ್. ಪಿರಮಿಡ್ಡಿನಂಥ ಹೆಸರುವಾಸಿ ಜಾಗಗಳಿಗೆ ಪಟ್ಟಿಯಿಂದ ಹೊಸ ಗಿರಾಕಿಗಳು ಬರುವುದು ಕಡಿಮೆ. ಯಾರಿಗೂ ಗೊತ್ತಿಲ್ಲದ ಊರಾಗಿದ್ದು, ರಸ್ತೆ ಮತ್ತು ತಂಗುವ ವ್ಯವಸ್ಥೆ ಆಗಲೇ ಇದ್ದರೆ ಪಟ್ಟಿಯ ಹೆಸರು ಕೆಲಸ ಮಾಡುತ್ತದೆ. ಚೀನಾದ ಲಿಜಿಯಾಂಗ್‌ಗೆ 1996ರ ಭೂಕಂಪದ ಮರುವರ್ಷವೇ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಜನ ನುಗ್ಗಿದರು, ಅಂಗಡಿ ತುಂಬಿದವು. ಹಳೇ ಪೇಟೆಯಲ್ಲಿದ್ದ ನಾಶಿ ಜನ ಮನೆಗಳನ್ನು ಬಾಡಿಗೆಗೆ ಕೊಟ್ಟು ಹೊಸ ಬಡಾವಣೆಗೆ ನಡೆದರು.

ಪಟ್ಟಿಯಿಂದ ಹೊರಬಿದ್ದರೆ ಊರು ಮುಳುಗುತ್ತದೆ ಎಂದೂ ಇಲ್ಲ. ಸೇತುವೆ ಕಟ್ಟಿದ್ದಕ್ಕೆ ಜರ್ಮನಿಯ ಡ್ರೆಸ್ಡೆನ್‌ನ ಎಲ್ಬೆ ಕಣಿವೆ 2009ರಲ್ಲಿ, ನದೀತೀರದ ಹೊಸ ಕಟ್ಟಡಗಳಿಂದಾಗಿ ಲಿವರ್‌ಪೂಲ್ 2021ರಲ್ಲಿ ಪಟ್ಟಿಯಿಂದ ಹೋದವು. ಎರಡೂ ಊರುಗಳಿಗೆ ಜನ ಬರುವುದು ನಿಂತಿಲ್ಲ.

ಟಿಕೆಟ್ ಹಣ ಸ್ಮಾರಕದ ದುರಸ್ತಿಗೇ ಹೋಗುತ್ತದಲ್ಲವೇ?

ಎಷ್ಟೋ ಕಡೆ ಅದು ನೇರ ಸರ್ಕಾರದ ಬೊಕ್ಕಸಕ್ಕೆ ಹೋಗಿ, ಅಲ್ಲಿಂದ ಅನುದಾನವಾಗಿ ಯಾವಾಗಲೋ ಸಣ್ಣದಾಗಿ ಮರಳುತ್ತದೆ. ಟಿಕೆಟ್ ಹಣವನ್ನು ಸ್ಥಳದಲ್ಲೇ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಜ್ವಾಲಾಮುಖಿಯ ಬೂದಿಯಡಿ ಹೂತಿದ್ದ ರೋಮನ್ ಪಟ್ಟಣ ಪೊಂಪೆಯಿ ಆ ನಂಬಿಕೆಯನ್ನು ಅಲುಗಿಸಿತು. ಇಟಲಿ 1997ರಲ್ಲೇ ಕಾನೂನು ಮಾಡಿ ಪೊಂಪೆಯಿಗೆ ತನ್ನ ಟಿಕೆಟ್ ಆದಾಯವನ್ನು ತಾನೇ ಇಟ್ಟುಕೊಳ್ಳುವ ಅಧಿಕಾರ ಕೊಟ್ಟಿತ್ತು. ಹಣ ಸೇರುತ್ತಾ ಹೋಯಿತು. ಅದನ್ನು ಖರ್ಚು ಮಾಡಲು ಬೇಕಾದ ಎಂಜಿನಿಯರುಗಳು, ಕುಶಲ ಕೆಲಸಗಾರರು, ಟೆಂಡರ್ ಮುಗಿಸುವ ಸಿಬ್ಬಂದಿ ಸಾಲಲಿಲ್ಲ. 2010ರ ನವೆಂಬರಿನ ಮಳೆಗೆ ಗ್ಲಾಡಿಯೇಟರುಗಳದ್ದೆಂದು ಹೆಸರಾದ ಕಟ್ಟಡವೇ ಕುಸಿದುಬಿತ್ತು. ಆಮೇಲೆ ಯುರೋಪಿಯನ್ ಒಕ್ಕೂಟದ ನೆರವು ಸೇರಿ 10.5 ಕೋಟಿ ಯೂರೊಗಳ ಯೋಜನೆ ಬರಬೇಕಾಯಿತು. ಹಾಗಾಗಿ ಪೆಟ್ಟಿಗೆಯಲ್ಲಿ ಎಷ್ಟಿದೆ ಎಂದು ಕೇಳಿದ ಮೇಲೆ ಪ್ರತಿ ವಾರ ಮೋರಿ ನೋಡಿ ಬರುವವರು ಯಾರು ಎಂದೂ ಕೇಳಬೇಕು. ಹಳೆಯ ಕಟ್ಟಡಗಳನ್ನು ಕೆಡವುವುದು ಬಹುಪಾಲು ಕಟ್ಟಿಕೊಂಡ ಮೋರಿ.

ಎಂಥ ಕೆಲಸಗಳು ಹುಟ್ಟುತ್ತವೆ?

ಸಂಖ್ಯೆಯಲ್ಲಿ ಹೆಚ್ಚು, ಸಂಬಳದಲ್ಲಿ ಕಡಿಮೆ, ಸೀಸನ್ ಮುಗಿದರೆ ಖಾಲಿ. ಹೋಟೆಲು, ಅಂಗಡಿ ಕೆಲಸಗಳ ಮಟ್ಟಿಗೆ ಇದು ನಿಜ. ಅಂಗ್ಕೋರ್‌ನಂಥ ಜಗದ್ವಿಖ್ಯಾತ ತಾಣ ಹೊಂದಿದ ಸೀಮ್ ರೀಪ್ ಪ್ರಾಂತ್ಯ ವರ್ಷಗಟ್ಟಲೆ ಕಾಂಬೋಡಿಯಾದ ಬಡ ಪ್ರಾಂತ್ಯಗಳ ಸಾಲಿನಲ್ಲೇ ಇತ್ತು. ದೇಗುಲದ ಸುತ್ತಲಿನ ಹಳ್ಳಿಗಳ ಬದುಕು ಐಷಾರಾಮಿ ಹೋಟೆಲಿನ ಗೇಟಿನ ಹೊರಗೇ ಉಳಿದಿತ್ತು.

ಅದೇ ದುರಸ್ತಿ ಕೆಲಸದ ಕಥೆ ಬೇರೆ. ಹೊಸ ಕಟ್ಟಡದ ಖರ್ಚಿನಲ್ಲಿ ದೊಡ್ಡ ಪಾಲು ಸಿಮೆಂಟು, ಕಬ್ಬಿಣ, ಗಾಜಿಗೆಂದು ಊರಾಚೆ ಹೋಗುತ್ತದೆ. ಹಳೆಯದರ ದುರಸ್ತಿಯಲ್ಲಿ ಹೆಚ್ಚು ಪಾಲು ಕೂಲಿಗೆ, ಅಂದರೆ ಊರಿನ ಕೈಗಳಿಗೆ. ಸುಣ್ಣದ ಗಾರೆಯ ಕೆಲಸವನ್ನು ಹತ್ತಿರದಿಂದ ನೋಡಿದರೆ ಅರ್ಥವಾಗುತ್ತದೆ. ಸುಣ್ಣವನ್ನು ನೀರಲ್ಲಿ ಅರಳಿಸಿ, ವಾರಗಟ್ಟಲೆ ನೆನೆಯಲು ಬಿಟ್ಟು, ಮರಳು ಬೆರೆಸಿ ಅರೆಯಬೇಕು. ಹದವಾಯಿತೇ ಎಂದು ನೋಡಲು ಮೇಸ್ತ್ರಿ ಕರಣೆಯ ಮೇಲೆ ಒಂದು ಮುದ್ದೆ ತೆಗೆದು ಕರಣೆಯನ್ನು ಮಗುಚಿ ಹಿಡಿಯುತ್ತಾರೆ. ಬೀಳದೆ ಅಂಟಿಕೊಂಡರೆ ಸರಿ. ಈ ಹದ ಚೀಲದಲ್ಲಿ ಸಿಗುವುದಿಲ್ಲ. ಅವಸರದ ಗುತ್ತಿಗೆದಾರರು ಅದರ ಬದಲು ಸಿಮೆಂಟು ಮೆತ್ತಿಸಿದರೆ ಗೋಡೆಯೊಳಗಿನ ತೇವ ಹೊರಬರಲಾಗದೆ ಕೆಲವು ವರ್ಷಗಳಲ್ಲಿ ಕಲ್ಲೇ ಪದರು ಪದರಾಗಿ ಉದುರುತ್ತದೆ. ಆಮೇಲೆ ಮತ್ತೊಂದು ಟೆಂಡರ್.

ಮಾಲಿಯ ಟಿಂಬಕ್ಟುವಿನಲ್ಲಿ 2012ರಲ್ಲಿ ಸಶಸ್ತ್ರ ಗುಂಪುಗಳು ಕೆಡವಿದ ಸಮಾಧಿ ಮಂದಿರಗಳನ್ನು ಮರಳಿ ಕಟ್ಟಿದ್ದು ಅಲ್ಲಿಯ ಮಣ್ಣಿನ ಮೇಸ್ತ್ರಿಗಳೇ. 2015ರ ಹೊತ್ತಿಗೆ ಕೆಲಸ ಮುಗಿದಿತ್ತು. ಪ್ರವಾಸಿಗರೇ ಹೋಗಲಾರದ ಸಮಯದಲ್ಲೂ ಪರಂಪರೆ ಕೂಲಿ ಕೊಟ್ಟಿತು ಎಂಬುದನ್ನು ಯಾವ ಪ್ರವಾಸೋದ್ಯಮದ ಅಂಕಿಪಟ್ಟಿಯೂ ತೋರಿಸುವುದಿಲ್ಲ.

ಹಳೇ ಪೇಟೆಯಲ್ಲಿ ಬಾಡಿಗೆ ಏರುತ್ತಿದೆ. ಇದಕ್ಕೆ ಪ್ರವಾಸಿಗರೇ ಕಾರಣವೇ?

ಬಹುಮಟ್ಟಿಗೆ ಹೌದು, ಪೂರ್ತಿ ಅಲ್ಲ. ತಿಂಗಳ ಬಾಡಿಗೆಗೆ ಸಿಗುವ ಹಣ ವಾರಾಂತ್ಯದ ಅತಿಥಿಗಳಿಂದಲೇ ಬರುವಂತಾದರೆ ಮಾಲೀಕರು ಯಾರನ್ನು ಇಟ್ಟುಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ವೆನಿಸ್‌ನ ಹಳೆಯ ನಗರದಲ್ಲಿ 1951ರಲ್ಲಿ ಸುಮಾರು 1.75 ಲಕ್ಷ ಜನ ವಾಸವಿದ್ದರು. 2022ರಲ್ಲಿ ಅದು 50,000ಕ್ಕಿಂತ ಕೆಳಗಿಳಿಯಿತು. ಮೊದಲ ದಶಕಗಳಲ್ಲಿ ಜನ ಹೋದದ್ದು ತೇವದ ಮನೆ ಬಿಟ್ಟು ದಡದಾಚೆಯ ಕಾರ್ಖಾನೆ ಕೆಲಸ, ಒಣಗಿದ ಗೋಡೆ, ಕಾರು ನಿಲ್ಲುವ ಮನೆ ಹುಡುಕಿಕೊಂಡು. ಖಾಲಿಯಾದ ಮನೆಗಳನ್ನು ಪ್ರವಾಸೋದ್ಯಮ ತುಂಬಿತು, ಆಮೇಲೆ ಉಳಿದವರನ್ನೂ ತಳ್ಳತೊಡಗಿತು.

ಮಲೇಷ್ಯಾದ ಜಾರ್ಜ್ ಟೌನ್‌ನದೂ ಇದೇ ರೀತಿಯ ತೊಡಕು. ಅಲ್ಲಿ ಪಟ್ಟಿಗೆ ಸೇರಿದ್ದು 2008ರಲ್ಲಿ. ಆದರೆ ಬಾಡಿಗೆ ನಿಯಂತ್ರಣ ಕಾಯ್ದೆ ತೆಗೆದದ್ದು 2000ದ ಜನವರಿಯಲ್ಲೇ ಜಾರಿಗೆ ಬಂದು, ತಲೆಮಾರುಗಳಿಂದ ಅಂಗಡಿ ಮನೆಗಳಲ್ಲಿದ್ದ ಬಾಡಿಗೆದಾರರು ಆಗಲೇ ಕಾಲ್ತೆಗೆದಿದ್ದರು. ಬೂಟಿಕ್ ಹೋಟೆಲುಗಳು ಬಂದದ್ದು ಆ ಖಾಲಿ ಜಾಗಕ್ಕೆ. ಯುನೆಸ್ಕೊವನ್ನು ಬೈಯುವ ಮುನ್ನ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಜನ ಹೋದ ಮೇಲೆ ಆರ್ಥಿಕ ನಷ್ಟವೂ ಶುರು. ಹಾಲಿನಂಗಡಿ ಮುಚ್ಚುತ್ತದೆ, ಶಾಲೆ ಮುಚ್ಚುತ್ತದೆ, ಕೆಲಸಗಾರರು ಒಂದು ಗಂಟೆ ದೂರದಿಂದ ಬರಬೇಕಾಗುತ್ತದೆ. ಬಾರ್ಸಿಲೋನಾ ತನ್ನಲ್ಲಿರುವ ಸುಮಾರು 10,000 ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲ ಎಂದು 2024ರಲ್ಲಿ ಹೇಳಿದ್ದು ಈ ಲೆಕ್ಕ ಕೈಮೀರಿದ್ದರಿಂದ.

ಒಂದು ಅದ್ಭುತ ಮ್ಯೂಸಿಯಂ ಕಟ್ಟಿದರೆ ನಮ್ಮ ಊರೂ ಬಿಲ್ಬಾವೊ ಆಗುತ್ತದೆಯೇ?

ಈ ಪ್ರಶ್ನೆ ಕೇಳದ ನಗರವಿಲ್ಲ. ಸ್ಪೇನಿನ ಬಿಲ್ಬಾವೊದಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ 1997ರಲ್ಲಿ ತೆರೆದು ಉಕ್ಕಿನ ಕಾರ್ಖಾನೆಗಳು ಸತ್ತ ಊರಿಗೆ ವರ್ಷಕ್ಕೆ ಹತ್ತು ಲಕ್ಷದಷ್ಟು ಜನರನ್ನು ತಂದದ್ದು ಹೌದು. ಆದರೆ ಅದಕ್ಕೂ ಮುಂಚೆ 1995ರಲ್ಲಿ ಮೆಟ್ರೊ ಓಡತೊಡಗಿತ್ತು. ಕೊಳಚೆಯಾಗಿದ್ದ ನದಿಯ ಶುದ್ಧೀಕರಣ ನಡೆದಿತ್ತು, ಬಂದರನ್ನು ಸಮುದ್ರದ ಕಡೆಗೆ ಸರಿಸಿ ನಗರದ ನಡುವೆ ಜಾಗ ಬಿಡಿಸಿಕೊಳ್ಳುತ್ತಿದ್ದರು, ಇದಕ್ಕೆಲ್ಲ 1992ರಲ್ಲೇ ಒಂದು ಸಂಸ್ಥೆ ಕಟ್ಟಿದ್ದರು. ಫೋಟೊದಲ್ಲಿ ಬೀಳುವುದು ಟೈಟೇನಿಯಂ ಹೊದಿಕೆ. ಒಳಚರಂಡಿ ಫೋಟೊದಲ್ಲಿ ಬೀಳುವುದಿಲ್ಲ.

ಜನರ ಸಂಖ್ಯೆಗೆ ಮಿತಿ ಹಾಕಿದರೆ ಆದಾಯ ಬೀಳುವುದಿಲ್ಲವೇ?

ಬೀಳಲೇಬೇಕೆಂದಿಲ್ಲ. ಅಥೆನ್ಸ್‌ನ ಅಕ್ರೊಪೊಲಿಸ್‌ಗೆ 2023ರಿಂದ, ಪೊಂಪೆಯಿಗೆ 2024ರ ನವೆಂಬರಿಂದ ದಿನಕ್ಕೆ 20,000 ಜನರ ಮಿತಿ ಇದೆ. ಪೆರುವಿನ ಮಾಚು ಪಿಚುವಿನಲ್ಲಿ ಸಾಮಾನ್ಯ ದಿನ 4,500, ವಿಶೇಷ ದಿನಗಳಲ್ಲಿ 5,600. ಸಮಯ ಕೊಟ್ಟು ಟಿಕೆಟ್ ಮಾರಿದಾಗ ಬೆಳಗ್ಗೆ ಹತ್ತರ ನೂಕುನುಗ್ಗಲು ಸಂಜೆಗೂ ಸೀಸನ್ ಇಲ್ಲದ ತಿಂಗಳುಗಳಿಗೂ ಹಂಚಿಹೋಗುತ್ತದೆ. ಹೋಟೆಲಿನವರಿಗೆ ಬೇಕಾದದ್ದೂ ಅದೇ.

ಇಡೀ ಸ್ಮಾರಕವನ್ನೇ ಮುಚ್ಚಿ ಬದುಕಿಕೊಂಡ ಊರೂ ಇದೆ. ಗೋಡೆಗಳ ಮೇಲೆ ಆದಿಮಾನವರ ಚಿತ್ರಗಳಿರುವ ಫ್ರಾನ್ಸಿನ ಲಾಸ್ಕೊ ಗುಹೆ 1940ರಲ್ಲಿ ಸಿಕ್ಕಿ, 1948ರಲ್ಲಿ ಜನರಿಗೆ ತೆರೆಯಿತು. ದಿನಕ್ಕೆ ಸಾವಿರಕ್ಕೂ ಮಿಕ್ಕಿ ಜನರ ಉಸಿರಿಗೆ ಗೋಡೆಯ ಮೇಲೆ ಪಾಚಿ ಬೆಳೆದು 1963ರಲ್ಲಿ ಮುಚ್ಚಬೇಕಾಯಿತು. 1983ರಲ್ಲಿ ಪಕ್ಕದಲ್ಲೇ ಗುಹೆಯ ಪ್ರತಿಕೃತಿ ಕಟ್ಟಿದರು, 2016ರಲ್ಲಿ ಇನ್ನೂ ದೊಡ್ಡದೊಂದು. ನಕಲು ನೋಡಲು ಯಾರು ಬರುತ್ತಾರೆ ಎಂದು ಕೇಳುವವರಿಗೆ ಆ ಕಣಿವೆಯ ಹೋಟೆಲುಗಳೇ ಉತ್ತರ.

ಪ್ರವಾಸವನ್ನೇ ನಂಬಿದ ಊರಿಗೆ ಅಪಾಯವೇನು?

ಒಂದೇ ಬೆಳೆ ಬೆಳೆಯುವ ಹೊಲಕ್ಕಿರುವ ಅಪಾಯ. ಜಗತ್ತಿನಲ್ಲಿ ಗಡಿ ದಾಟಿದ ಪ್ರವಾಸಿಗರು 2019ರಲ್ಲಿ ಸುಮಾರು 146 ಕೋಟಿ, 2020ರಲ್ಲಿ ಸುಮಾರು 40 ಕೋಟಿ. ಈಜಿಪ್ಟ್‌ಗೆ 2010ರಲ್ಲಿ 1.47 ಕೋಟಿ ಜನ ಬಂದಿದ್ದರು, ಕ್ರಾಂತಿ ನಡೆದ 2011ರಲ್ಲಿ ಒಂದು ಕೋಟಿಯೂ ಆಗಲಿಲ್ಲ. ಪಿರಮಿಡ್ಡು ಅಲ್ಲೇ ಇತ್ತು.

ಯಾರೂ ನೋಡಲು ಬಾರದ ಸ್ಮಾರಕಕ್ಕೆ ಆರ್ಥಿಕ ಬೆಲೆ ಇಲ್ಲವೇ?

ಇದೆ, ಅಳೆಯುವುದು ಕಷ್ಟ. 1947ರಲ್ಲಿ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಪತ್ರ ಬರೆದು, ಜನ ಎಷ್ಟು ದೂರದಿಂದ ಎಷ್ಟು ಖರ್ಚು ಮಾಡಿ ಬರುತ್ತಾರೆ ಎಂಬುದರಿಂದಲೇ ಜಾಗದ ಬೆಲೆ ಕಟ್ಟಬಹುದೆಂದು ಸೂಚಿಸಿದರು. ಟಿಕೆಟ್ ಇಲ್ಲದ ಕಡೆಗೂ ಇದು ನಡೆಯುತ್ತದೆ. ಯಾರೂ ಬಾರದ ಕಡೆ 'ಇದನ್ನು ಉಳಿಸಲು ವರ್ಷಕ್ಕೆ ಎಷ್ಟು ತೆರಿಗೆ ಕೊಡುತ್ತೀರಿ' ಎಂದು ನೇರ ಕೇಳುವ ಸಮೀಕ್ಷೆಗಳಿವೆ. ಬಾಯಿಮಾತಿಗೆ ಎಲ್ಲರೂ ಕರ್ಣರೇ ಆದ್ದರಿಂದ ಆ ಉತ್ತರಗಳನ್ನು ಸ್ವಲ್ಪ ಜಾಲಾಡಿಸಿ ತೆಗೆದುಕೊಳ್ಳಬೇಕು.

ಸಣ್ಣ ಊರೊಂದು ಇದನ್ನೆಲ್ಲ ಲೆಕ್ಕ ಹಾಕುವುದು ಎಲ್ಲಿಂದ?

ದುಬಾರಿ ಸಲಹೆಗಾರರಿಂದ ಬೇಡ. ಕೆಲಸ ಶುರುವಾಗುವ ಮುಂಚಿನ ಒಂದು ವರ್ಷದ ಸ್ಥಿತಿಯನ್ನು ಬರೆದಿಡಿ, ಇಲ್ಲದಿದ್ದರೆ ಆಮೇಲೆ ಯಾರು ಏನು ಬೇಕಾದರೂ ಹೇಳಬಹುದು. ತಿಂಗಳಿಗೆ ಎಷ್ಟು ಕೋಣೆ ಎಷ್ಟು ರಾತ್ರಿ ತುಂಬಿದವು ಎಂಬ ಲೆಕ್ಕ ತಂಗುವ ತೆರಿಗೆಯ ರಶೀದಿಯಲ್ಲೇ ಸಿಗುತ್ತದೆ. ಹಳೇ ಪೇಟೆಯ ಒಂದು ಬೀದಿ ಹಿಡಿದು ನಡೆದು, ದಿನಸಿ, ಔಷಧಿ, ಹೊಲಿಗೆಯಂಥ ಊರಿನವರ ಅಂಗಡಿ ಎಷ್ಟು, ಪ್ರವಾಸಿಗರದ್ದು ಎಷ್ಟು ಎಂದು ವರ್ಷಕ್ಕೊಮ್ಮೆ ಎಣಿಸಿ. ರಾತ್ರಿ ಎಂಟರ ನಂತರ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತದೆ ಎಂದೂ ನೋಡಿ. ಇನ್ನೊಂದು ಅರ್ಧ ದಿನದ ಕೆಲಸವಿದೆ: ನಾಲ್ಕು ಹೋಟೆಲುಗಳ ಅಡುಗೆಮನೆಗೆ ಹೋಗಿ ಅಕ್ಕಿ, ಹಾಲು, ಸೊಪ್ಪು, ಸೋಪು ಒಂದೊಂದೂ ಎಲ್ಲಿಂದ ಬಂತು ಎಂದು ಕೇಳಿ ಬರೆದುಕೊಳ್ಳುವುದು. ಆ ಚೀಟಿಯಲ್ಲಿ ಊರಿನ ಹೆಸರು ಎಷ್ಟು ಸಲ ಬಂದಿದೆ ನೋಡಿ, ಆಮೇಲೆ ಹೊಸ ಪಾರ್ಕಿಂಗ್ ಜಾಗದ ಮಾತಾಡೋಣ.